ಕಾಯ್ದೆಗೂ ಬದುಕಿಗೂ ನಡುವಿನ ವರ್ಷಗಳು: ವಯನಾಡಿನ ತರಗತಿಗಳಲ್ಲಿ ಹಕ್ಕುಗಳ ಪಾಠ

ಸಂವಿಧಾನದ 23ನೇ ವಿಧಿ 1950ರಲ್ಲೇ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ಕೇರಳದ ವಯನಾಡಿನಲ್ಲಿ ಆಗಿದ್ದೇ ಬೇರೆ. ಮಾನಂತವಾಡಿ ಬಳಿಯ ವಳ್ಳಿಯೂರುಕಾವಿನ ಜಾತ್ರೆಯಲ್ಲಿ ಆದಿವಾಸಿ ಸಮುದಾಯಗಳಾದ ಅಡಿಯರನ್ನೂ ಪಣಿಯರನ್ನೂ ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುವ ಪದ್ಧತಿ ಆಮೇಲೂ ಬಹುಕಾಲ ನಡೆಯಿತು. ಮೀನಮಾಸದ ಆ ಜಾತ್ರೆಯಲ್ಲಿ ಜನ್ಮಿ (ಜಮೀನ್ದಾರ) ‘ನಿಲ್ಪುಪಣಂ’ ಎಂಬ ಸಣ್ಣ ಮುಂಗಡ ಕೊಡುತ್ತಿದ್ದ. ಪಡೆದವನು ಭಗವತಿಯ ಎದುರು ಮಾತು ಕೊಟ್ಟು ಮುಂದಿನ ಜಾತ್ರೆಯವರೆಗೂ ಆ ಧಣಿಯ ಗದ್ದೆಗೆ ಕಟ್ಟುಬೀಳುತ್ತಿದ್ದ. ಕೂಲಿಯೆಂದರೆ ಅಳೆದುಕೊಟ್ಟ ಭತ್ತ. ದೇವಿಗೆ ಕೊಟ್ಟ ಮಾತು ತಪ್ಪಿದರೆ ಕೇಡು ತಟ್ಟೀತೆಂಬ ಭಯವೊಂದೇ ಸಾಕಿತ್ತು, ಬೇರೆ ಕಾವಲು ಬೇಕಿರಲಿಲ್ಲ. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಸಮಾಜ ವಿಜ್ಞಾನ ಪಠ್ಯಗಳು ಈ ಎರಡು ಇಸವಿಗಳನ್ನೂ ಬಾಯಿಪಾಠ ಮಾಡಿಸುತ್ತವೆ. ಅವುಗಳ ನಡುವಿನ 26 ವರ್ಷಗಳ ಬಗ್ಗೆ ಮಾತ್ರ ಸುಮ್ಮನಿರುತ್ತವೆ. ಪ್ರಜಾಪ್ರಭುತ್ವದ ಪಾಠ ಶುರುವಾಗಬೇಕಾದದ್ದು ಆ 26 ವರ್ಷಗಳಿಂದಲೇ ಎಂಬುದು ನನ್ನ ವಾದ.

ಭೂಮಿಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಆದಿವಾಸಿಗಳ ಕೈತಪ್ಪಿದ ಜಮೀನನ್ನು ಮರಳಿಸುವ ಕಾಯ್ದೆಯನ್ನು ಕೇರಳ ವಿಧಾನಸಭೆ 1975ರಲ್ಲಿ ಅಂಗೀಕರಿಸಿತು. ನಿಯಮಗಳು ರೂಪುಗೊಂಡದ್ದು 1986ರಲ್ಲಿ. ವಯನಾಡಿನ ವೈದ್ಯ ನಲ್ಲತಂಬಿ ತೇರ ಅವರು ಹೈಕೋರ್ಟಿನ ಮೊರೆಹೋದ ಮೇಲೆ, 1993ರಲ್ಲಿ, ಕಾಯ್ದೆಯನ್ನು ಜಾರಿಗೆ ತನ್ನಿ ಎಂದು ನ್ಯಾಯಾಲಯ ಆದೇಶಿಸಿತು. ಅದನ್ನು ಪಾಲಿಸುವ ಬದಲು ವಿಧಾನಸಭೆ 1996ರಲ್ಲಿ ಕಾಯ್ದೆಯನ್ನೇ ತಿದ್ದಲು ಹೊರಟಿತು. ಆಗ ವಿರೋಧಿಸಿದವರು ಶಾಸಕಿ ಕೆ. ಆರ್. ಗೌರಿಯಮ್ಮ ಒಬ್ಬರೇ. ಬಹುಮತದ ನಿರ್ಧಾರವೆಲ್ಲ ನ್ಯಾಯವೇ ಎಂಬ ಪ್ರಶ್ನೆಯನ್ನು ಹದಿನಾಲ್ಕರ ಮಗುವಿನ ಮುಂದಿಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು. 2003ರ ಫೆಬ್ರವರಿಯಲ್ಲಿ ಮುತ್ತಂಗದ ಕಾಡಿನಲ್ಲಿ ಆದಿವಾಸಿಗಳ ಭೂಹೋರಾಟದ ವೇಳೆ ಒಬ್ಬ ಆದಿವಾಸಿಯೂ ಒಬ್ಬ ಪೊಲೀಸನೂ ಪ್ರಾಣ ಕಳೆದುಕೊಂಡದ್ದರ ಹಿಂದೆ ಇದ್ದದ್ದೂ ಈಡೇರದ ಭೂಮಿಯ ಮಾತೇ.

ಇಂಥ ಪಾಠ ಒಂದೇ ಬೆಂಚಿನ ಮಕ್ಕಳನ್ನು ಎರಡು ಪಾಳೆಯ ಮಾಡುವುದಿಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕಲಾಗದು. 1940ರ ದಶಕದಿಂದ ತಿರುವಾಂಕೂರಿನಿಂದ ಬಂದು ನೆಲೆಸಿದ ರೈತರ ಮೊಮ್ಮಕ್ಕಳೂ ಅಲ್ಲೇ ಕೂತಿದ್ದಾರೆ. ಅವರ ಅಜ್ಜಂದಿರೂ ಯುದ್ಧಕಾಲದ ಹಸಿವು ತಾಳಲಾರದೆ ಬಂದವರು. ಈ ವಿಚಾರವೂ ಪಾಠದಲ್ಲಿರಬೇಕು. ಆದರೆ ಚರಿತ್ರೆ ಹುಟ್ಟನ್ನು ನೋಡಿ ಪಕ್ಷ ಹಂಚುವುದಿಲ್ಲ. ಅಡಿಯರ ಗದ್ದಿಕ ಆಚರಣೆಯಿಂದ ‘ನಾಡುಗದ್ದಿಕ’ ನಾಟಕ ಕಟ್ಟಿ, ಅದಕ್ಕಾಗಿ 1981ರಲ್ಲಿ ಬಂಧನಕ್ಕೊಳಗಾದ ಕೆ. ಜೆ. ಬೇಬಿ ಕಣ್ಣೂರಿನಿಂದ ವಯನಾಡಿಗೆ ಬಂದ ಕುಟುಂಬದವರು. ಮೌನದಿಂದ ಸ್ನೇಹ ಉಳಿಯುತ್ತದೆ ಎನ್ನುವವರು, ಆ ಮೌನದ ಬೆಲೆ ತೆರುತ್ತಿರುವುದು ಯಾವ ಮಗು ಎಂದೂ ಕೇಳಿಕೊಳ್ಳಬೇಕು.

ಇನ್ನು ಭಾಷೆ. ಇನ್ನೊಂದು ಆದಿವಾಸಿ ಸಮುದಾಯವಾದ ಕಾಟ್ಟುನಾಯ್ಕರ ಮನೆಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಪಾಠ ಮಾತ್ರ ಮಲಯಾಳದಲ್ಲಿ. ತನಗೆ ಅರ್ಥವಾಗದ್ದನ್ನು ಕೇಳಲು ಮಾತೇ ಸಿಗದ ಮಗುವಿಗೆ ವಾಕ್‌ಸ್ವಾತಂತ್ರ್ಯದ ವಿಧಿ ಪರೀಕ್ಷೆಯ ಒಂದು ಉತ್ತರವಷ್ಟೇ. 2017ರಲ್ಲಿ ಆರಂಭವಾದ ‘ಗೋತ್ರಬಂಧು’ ಯೋಜನೆ ಆದಿವಾಸಿ ಸಮುದಾಯಗಳ ವಿದ್ಯಾವಂತರನ್ನೇ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಮಾರ್ಗದರ್ಶಿ ಶಿಕ್ಷಕರನ್ನಾಗಿ ತಂದಿತು. ಮನೆಮಾತಿನಲ್ಲಿ ಕಲಿತರೆ ಮಕ್ಕಳು ಹಿಂದುಳಿಯುತ್ತಾರೆ ಎನ್ನುವವರು ಗಮನಿಸಬೇಕು: ಇಲ್ಲಿ ಮಲಯಾಳವನ್ನು ಯಾರೂ ಕಿತ್ತುಕೊಂಡಿಲ್ಲ, ಅದರೊಳಕ್ಕೆ ಹೋಗುವ ದಾರಿಯನ್ನು ತೋರಿಸಿದ್ದಾರೆ. ಕೊರತೆ ಇರುವುದು ಬೇರೆ ಕಡೆ. ಸಂವಿಧಾನ, ಚುನಾವಣೆ, ಮೂಲಭೂತ ಹಕ್ಕುಗಳ ಪಾಠ ಗಟ್ಟಿಯಾಗುವುದು ಮುಂದಿನ ತರಗತಿಗಳಲ್ಲಿ, ಆದಿವಾಸಿ ಮಕ್ಕಳು ಶಾಲೆ ಬಿಡುವುದು ಹೆಚ್ಚಾಗುವ ಹಂತದಲ್ಲೇ. ಆ ಮಾರ್ಗದರ್ಶಿ ಶಿಕ್ಷಕರು ಹೈಸ್ಕೂಲಿನ ಸಮಾಜ ವಿಜ್ಞಾನದ ತರಗತಿಗೂ ಬೇಕು. ವಳ್ಳಿಯೂರುಕಾವಿನ ಜೀತವನ್ನು ಮನೆಯ ಹಿರಿಯರ ಬಾಯಿಂದ ಕೇಳಿ ಬೆಳೆದವರು 23ನೇ ವಿಧಿಯ ಪಾಠಕ್ಕೆ ಪಠ್ಯಪುಸ್ತಕದಷ್ಟೇ ಅಗತ್ಯ.