ಒಂದೇ ಬದಿಯ ಜೀನು

ಕುದುರೆಗೆ ಜೀನು ಹೇಗೆ ಬಿಗಿಯಬೇಕು, ಲಗಾಮು ಹೇಗೆ ಹಾಕಬೇಕು ಎಂಬುದು ಸವಾರರ ನಡುವಿನ ಹಳೆಯ ಜಗಳ. ಯುರೋಪಿನಲ್ಲಿ ಈ ಜಗಳ ಹೆಂಗಸರ ಜೀನಿಗೆ ಬಂದಾಗ ಮಾತ್ರ ಅದು ಬರಿಯ ಕುದುರೆಯ ವಿಷಯವಾಗಿ ಉಳಿಯಲಿಲ್ಲ.

ಸೀರೆಯುಟ್ಟು ಸ್ಕೂಟರಿನ ಹಿಂದೆ ಕೂತು ಅಭ್ಯಾಸವಿರುವ ನಮಗೆ ಎರಡೂ ಕಾಲನ್ನು ಒಂದೇ ಕಡೆ ಇಳಿಬಿಡುವ ಕಷ್ಟ ಗೊತ್ತು. ಅಲ್ಲಿನ ಗೌರವಸ್ಥ ಮನೆತನದ ಹೆಂಗಸರು ಶತಮಾನಗಳ ಕಾಲ ಹಾಗೆಯೇ ಕುದುರೆ ಏರಿದರು. ಮೊದಮೊದಲಿನ ಆ ಜೀನು ಹೆಚ್ಚುಕಡಿಮೆ ಒಂದು ಕುರ್ಚಿ. ಕಾಲಿಡಲು ಒಂದು ಹಲಗೆ. ಪಕ್ಕಕ್ಕೆ ಮುಖ ಮಾಡಿ ಕೂತವಳಿಗೆ ಕುದುರೆ ನಡೆಸಲಾಗುತ್ತಿರಲಿಲ್ಲ. ಲಗಾಮು ಬೇರೆ ಯಾರದೋ ಕೈಯಲ್ಲಿರಬೇಕು. ಮುಂದೆ ಬಲಗಾಲನ್ನು ಸಿಕ್ಕಿಸಲು ಜೀನಿಗೊಂದು ಕೊಂಬು ಬಂತು. ಹೆಣ್ಣು ಮುಂದಕ್ಕೆ ತಿರುಗಿ ಕೂತು ಲಗಾಮನ್ನು ತಾನೇ ಹಿಡಿದಳು. 1830ರ ಸುಮಾರಿಗೆ ಎಡತೊಡೆಯ ಮೇಲೆ ಬಾಗುವ ಇನ್ನೊಂದು ಕೊಂಬು ಸೇರಿತು. ಆಮೇಲೆ ಬೇಲಿ ಹಾರಿಸುವ ಧೈರ್ಯವೂ ಬಂತು.

ಈ ಜೀನಿನ ಪರವಾಗಿದ್ದವರ ಮಾತನ್ನು ತಳ್ಳಿಹಾಕುವಂತಿಲ್ಲ. ಕೊಂಬುಗಳಿಗೆ ಕಾಲು ಬಿಗಿದು ಕೂತವಳು ಸುಲಭವಾಗಿ ಬೀಳುವುದಿಲ್ಲ. ವಿರೋಧಿಗಳ ಮಾತೂ ನಿಜವೇ. ಭಾರ ಒಂದು ಬದಿಗೆ ವಾಲಿದರೆ ಕುದುರೆಯ ಬೆನ್ನು ಹುಣ್ಣಾಗುತ್ತದೆ. ಬಿದ್ದಾಗ ಉದ್ದನೆಯ ಲಂಗ ಕೊಂಬಿಗೆ ಸಿಕ್ಕಿಕೊಂಡರೆ ಕುದುರೆ ಎಳೆದೊಯ್ದು ಪ್ರಾಣವೇ ಹೋಗಬಹುದು. ಅದಕ್ಕೆಂದೇ 19ನೇ ಶತಮಾನದ ಕೊನೆಯ ಭಾಗದಲ್ಲಿ, ಸಿಕ್ಕಿದೊಡನೆ ಬಿಚ್ಚಿಕೊಳ್ಳುವ ಲಂಗಗಳನ್ನು ಹೊಲಿದರು. ಜೀನು ಹಾಗೆಯೇ ಉಳಿಯಿತು, ಬಟ್ಟೆ ಬದಲಾಯಿತು! ಕಾಲು ಅಗಲಿಸಿ ಕೂರುವುದು ಹೆಣ್ಣಿಗೆ ಮರ್ಯಾದೆಯಲ್ಲ ಎಂಬ ನಂಬಿಕೆ ಅಷ್ಟು ಗಟ್ಟಿ.

ಬೆನ್ನುನೋವಿನಿಂದ ನರಳುತ್ತಿದ್ದ ಇಂಗ್ಲಿಷ್ ಪ್ರವಾಸಿ ಇಸಬೆಲ್ಲಾ ಬರ್ಡ್ 1873ರಲ್ಲಿ ಹವಾಯಿ ದ್ವೀಪಗಳಿಗೆ ಹೋದಾಗ, ಅಲ್ಲಿನ ಹೆಂಗಸರಂತೆ ಎರಡೂ ಬದಿಗೆ ಕಾಲು ಹಾಕಿ ಸವಾರಿ ಮಾಡಿದಳು. ಬೆನ್ನಿಗೆ ಹಿತವೆನಿಸಿತು. ಅದೇ ವರ್ಷ ಅಮೆರಿಕದ ರಾಕಿ ಪರ್ವತಗಳಲ್ಲಿ ನೂರಾರು ಮೈಲಿ ಹಾಗೆಯೇ ಸುತ್ತಿದಳು. ಡೆನ್ವರ್ ಪಟ್ಟಣ ಹತ್ತಿರವಾದಾಗ ಮಾತ್ರ ಇಳಿದು, ಉದ್ದನೆಯ ಲಂಗ ತೊಟ್ಟು, ಒಂದೇ ಬದಿಗೆ ಕೂತಳು. ಬೆಟ್ಟಕ್ಕೆ ಕಣ್ಣಿಲ್ಲ, ಊರಿಗೆ ಇತ್ತು.

ನಮ್ಮ ಕಡೆಯ ಕಥೆ ಬೇರೆ. 1580ರಲ್ಲಿ ವಿಜಯಪುರದ ಪಟ್ಟವೇರಿದ ಬಾಲಕ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಪರವಾಗಿ ರಾಜ್ಯ ನೋಡಿಕೊಂಡ ಚಾಂದ್ ಬೀಬಿಯನ್ನು ದಖ್ಖನಿನ ಚಿತ್ರಗಾರರು ಮತ್ತೆ ಮತ್ತೆ ಬರೆದಿದ್ದಾರೆ. ಕೈಮೇಲೆ ಡೇಗೆ, ಕುದುರೆಯ ಎರಡೂ ಬದಿಗೆ ಕಾಲು. ಆ ಚಿತ್ರಗಳು ಆಕೆ ತೀರಿಕೊಂಡು ಸುಮಾರು ನೂರು ವರ್ಷವಾದ ಮೇಲಿನವು. ಆಕೆಯ ಸವಾರಿಗೆ ಸಾಕ್ಷಿಯಾಗಲಾರವು. ಆದರೆ ರಾಣಿಯೊಬ್ಬಳು ಹಾಗೆ ಕೂರುವುದು ಬರೆದವನಿಗೆ ತಪ್ಪಾಗಿ ಕಾಣಲಿಲ್ಲ ಎನ್ನುವುದಕ್ಕಂತೂ ಸಾಕ್ಷಿ. ಅಂಥದೊಂದು ಚಿತ್ರವನ್ನು ತರಗತಿಯಲ್ಲಿ ತೋರಿಸಿದಾಗ ಒಬ್ಬ ಹುಡುಗಿ, “ಯಾರೂ ಬೈಯಲಿಲ್ವಾ ಟೀಚರ್?” ಎಂದು ಕೇಳಿದ್ದಳು. ಇಂಥ ಪ್ರಶ್ನೆ ಹುಡುಗರಿಗೆ ಹೊಳೆಯುವುದಿಲ್ಲ.

ಮೊದಲ ಮಹಾಯುದ್ಧದ ನಂತರ ಯುರೋಪಿನಲ್ಲೂ ಹೆಂಗಸರು ಎರಡೂ ಬದಿಗೆ ಕಾಲು ಹಾಕುವುದು ರೂಢಿಯಾಯಿತು. ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಮಾತ್ರ 1986ರವರೆಗೂ ತನ್ನ ಹುಟ್ಟುಹಬ್ಬದ ಕವಾಯತಿಗೆ ಒಂದೇ ಬದಿಯ ಜೀನಿನಲ್ಲಿ ಬರುತ್ತಿದ್ದಳು. ಉಳಿದ ದಿನಗಳ ಸವಾರಿಗೆ ಸಾಮಾನ್ಯ ಜೀನು.

1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕುದುರೆ ನಡೆಸುವ ಡ್ರೆಸಾಜ್ ಸ್ಪರ್ಧೆಗೆ ಮೊದಲ ಬಾರಿ ಹೆಂಗಸರನ್ನು ಬಿಟ್ಟುಕೊಂಡರು. ಪೋಲಿಯೊದಿಂದ ಮೊಣಕಾಲ ಕೆಳಗೆ ಸ್ವಾಧೀನ ತಪ್ಪಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್, ಗಂಡಸರ ಜೊತೆಗೇ ಸ್ಪರ್ಧಿಸಿ ಬೆಳ್ಳಿಯ ಪದಕ ಗೆದ್ದಳು. ಕುದುರೆ ಹತ್ತಲು, ಇಳಿಯಲು ಬೇರೆಯವರ ಆಸರೆ ಬೇಕಿತ್ತು. ಹತ್ತಿದ ಮೇಲೆ ಲಗಾಮು ಆಕೆಯ ಕೈಯಲ್ಲೇ ಇತ್ತು.