ಕಡತ, ಬಳಪ, ಚಾರ್ಜು

ಪುಣೆಯ ಗುಲ್‌ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡಿಗೆ ಬೆಳಗಾಗುವುದು ಊರಿಗಿಂತ ಕೆಲವು ಗಂಟೆ ಮೊದಲು. ತರಕಾರಿಯ ಲಾರಿಗಳು ನಸುಕಿಗೇ ಬಂದು ನಿಂತಿರುತ್ತವೆ. ಭುಸಾರ ವಿಭಾಗದಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಘಾಟು, ಬೆಲ್ಲದ ಪೆಂಟೆಯ ಜಿಗುಟು, ಗೋಣಿಚೀಲದ ನಾರು, ಅರಿಸಿನದ ಪುಡಿ. ಟ್ಯಾಬ್ಲೆಟ್ಟಿನ ಮೇಲೆ ಬರೆಯುವ ವೈರ್‌ಲೆಸ್ ಸ್ಟೈಲಸ್‌ಗೆ ಇದಕ್ಕಿಂತ ಕಷ್ಟದ ಜಾಗ ಹುಡುಕುವುದು ಸುಲಭವಲ್ಲ. ಮೊನೆಯ ಸಂದಿಗೆ ಧೂಳು ಸೇರುತ್ತದೆ, ಅಯಸ್ಕಾಂತವಿರುವ ಬದಿಗೆ ಕಬ್ಬಿಣದ ಚೂರು ಅಂಟುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಲೆಕ್ಕ ಬರೆಯುವ ಹೊತ್ತಿಗೆ ಸರಿಯಾಗಿ ಚಾರ್ಜು ಮುಗಿಯುತ್ತದೆ.

ಲೇಖನಿಗೆ ಹೀಗೆ ಉಣಿಸಬೇಕಾಗಿ ಬಂದದ್ದು ಹೊಸತೇನಲ್ಲ. ಬೋರೂ ಎಂದು ಮರಾಠಿಯಲ್ಲಿ, ಲಾಳಕಡ್ಡಿ ಎಂದು ಕನ್ನಡದಲ್ಲಿ ಕರೆಯುವ ಜೊಂಡಿನ ಲೇಖನಿ ದೌತಿಯಲ್ಲಿ ಒಮ್ಮೆ ಅದ್ದಿದರೆ ಕೆಲವು ಪದಗಳಷ್ಟೇ ಓಡುತ್ತಿತ್ತು. ಮೊನೆ ಮೊಂಡಾದರೆ ಚಾಕುವಿನಿಂದ ಕೆತ್ತಬೇಕು, ಸೀಳು ಸರಿಮಾಡಬೇಕು, ಮಸಿ ಒಣಗುವ ಮೊದಲು ಒರೆಸಿಡಬೇಕು. ಪೇಶ್ವೆ ಕಾಲದ ಪುಣೆಯ ದಫ್ತರಗಳೆಲ್ಲ ತುಂಬಿರುವ ಮೋಡಿ ಲಿಪಿಯನ್ನು ನೋಡಿದರೆ ಈ ಅವಸರ ಕಣ್ಣಿಗೆ ಕಟ್ಟುತ್ತದೆ. ಮೊದಲು ಹಾಳೆಯ ಉದ್ದಕ್ಕೂ ತಲೆಗೆರೆ ಎಳೆದುಬಿಡುವುದು, ಆಮೇಲೆ ಕೈ ಎತ್ತದೆ ಅಕ್ಷರದಿಂದ ಅಕ್ಷರಕ್ಕೆ ಜಾರುತ್ತ ಹೋಗುವುದು. ಒಂದು ಅದ್ದಿಗೆ ಎಷ್ಟು ಸಾಧ್ಯವೋ ಅಷ್ಟು. ಲಿಪಿಯ ಆಕಾರವನ್ನು ಭಾಷೆ ಮಾತ್ರ ತೀರ್ಮಾನಿಸುವುದಿಲ್ಲ, ಲೇಖನಿಯ ಹೊಟ್ಟೆಯೂ ತೀರ್ಮಾನಿಸುತ್ತದೆ.

ಆದರೆ ಟ್ಯಾಬ್ಲೆಟ್ಟು–ಸ್ಟೈಲಸ್ ಜೋಡಿಗೆ ನಿಜವಾದ ಹಳೆಯ ನೆಂಟ ಮೋಡಿಯ ಬೋರೂ ಅಲ್ಲ. ಆ ನೆಂಟ ಇರುವುದು ಕನ್ನಡದಲ್ಲಿ. ಹೆಸರು ಕಡತ.

ಇಂದು ಕಡತ ಎಂದರೆ ಸರ್ಕಾರಿ ಕಚೇರಿಯ ಫೈಲು. ಕಡತ ವಿಲೇವಾರಿ, ಕಡತ ಯಜ್ಞ, ಕಡತ ನಾಪತ್ತೆ ಎಂದು ಪತ್ರಿಕೆಗಳಲ್ಲಿ ದಿನವೂ ಕಾಣುವ ಮಾತು. ಮೂಲದಲ್ಲಿ ಅದು ಒಂದು ವಸ್ತುವಿನ ಹೆಸರು. ಶಾಸನಗಳಲ್ಲಿ ಬರುವ ಕಡಿತ, ತೆಲುಗಿನ ಕಡಿತಮು ಇದರದೇ ರೂಪಗಳು. ಹತ್ತಿಯ ಬಟ್ಟೆಗೆ ಹುಣಸೆಬೀಜ ಅರೆದು ಕಾಯಿಸಿದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ. ಅದರ ಮೇಲೆ ಬರೆಯುವುದು ಬಳಪದ ಕಡ್ಡಿಯಿಂದ. ಹೊಯ್ಸಳರ ಗುಡಿಗಳ ಮಾತು ಬಂದಾಗ ಕೇಳುವ ಬಳಪದ ಕಲ್ಲು ಎಂಬ ಹೆಸರಿನಲ್ಲಿರುವ ಬಳಪವೇ ಇದು. ಕಪ್ಪಿನ ಮೇಲೆ ಬಿಳಿ ಗೆರೆ. ಬೇಡವಾದರೆ ಒರೆಸು, ಮತ್ತೆ ಬರೆ.

1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಪ್ರಕಟವಾದ ತನ್ನ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟದಲ್ಲಿ ಕಡತವನ್ನು ವಿವರವಾಗಿ ಬಣ್ಣಿಸಿದ್ದಾನೆ. ಬಟ್ಟೆಯ ಅಗಲ 8 ಅಂಗುಲದಿಂದ 1 ಅಡಿ, ಉದ್ದ 12ರಿಂದ 18 ಅಡಿ. ಎರಡು ಕೊನೆಗೂ ಬಣ್ಣ ಬಳಿದ ಮರದ ಹಲಗೆ, ಮೇಲೆ ರೇಷ್ಮೆಯದೋ ಹತ್ತಿಯದೋ ಚೀಲ. ಬಡವರ ಕಡತಕ್ಕೆ ಈ ಅಲಂಕಾರವಿಲ್ಲ, ಒಂದು ದಾರ ಸುತ್ತಿದರೆ ಮುಗಿಯಿತು. ಕತ್ತರಿಸದೆ ಮಡಚಿರುವುದರಿಂದ ಯಾವ ಕಡೆಯಿಂದ ಬೇಕಾದರೂ ತೆರೆಯಬಹುದು, ಪೂರ್ತಿ ಬಿಚ್ಚಿದರೆ ಮತ್ತೆ ಒಂದೇ ಉದ್ದ ಪಟ್ಟಿ. ಮೈಸೂರು ಸೀಮೆಯ ವ್ಯಾಪಾರಿಗಳೂ ಅಂಗಡಿಯವರೂ ಆಗ ಲೆಕ್ಕ ಬರೆಯುತ್ತಿದ್ದದ್ದು ಇದರ ಮೇಲೆಯೇ ಎಂದು ಅವನು ಹೇಳುತ್ತಾನೆ.

ಅಳಿಸಬಹುದಾದ ಬರಹವನ್ನು ನಂಬುವುದು ಹೇಗೆ? ಈ ಪ್ರಶ್ನೆ ವಿಲ್ಕ್ಸ್‌ಗಿಂತ ಮೊದಲು ಟಿಪ್ಪು ಸುಲ್ತಾನನನ್ನು ಕಾಡಿತ್ತು. ಸರ್ಕಾರಿ ಲೆಕ್ಕಗಳನ್ನು ಕಡತದಲ್ಲಿ ಬರೆಯಕೂಡದು ಎಂದು ಅವನ ಕಂದಾಯದ ಕಟ್ಟಳೆ ನಿಷೇಧಿಸಿತು. ಆ ಕಟ್ಟಳೆಗಳನ್ನು ಇಂಗ್ಲಿಷಿಗೆ ತಂದ ಕ್ರಿಸ್ಪ್ ಎಂಬಾತನಿಗೆ ಕಡತದ ಪರಿಚಯವಿರಲಿಲ್ಲ. ಊಹೆಯಿಂದ ತಾಳೆಗರಿ ಎಂದು ಅನುವಾದಿಸಿಬಿಟ್ಟ. ಅದನ್ನು ತಿದ್ದಿದವನೂ ವಿಲ್ಕ್ಸನೇ. ಒಂದು ಪದ ತಪ್ಪಿದ್ದರಿಂದ ನಿಷೇಧದ ಅರ್ಥವೇ ತಲೆಕೆಳಗಾಗಿತ್ತು. ತಾಳೆಗರಿಯಲ್ಲಿ ಕಂಠದಿಂದ ಕೊರೆದದ್ದು ಅಳಿಯುವುದಿಲ್ಲ, ಹಾಗಾಗಿ ಅದನ್ನು ನಿಷೇಧಿಸಲು ಅಂಥ ಕಾರಣವೇ ಇರುತ್ತಿರಲಿಲ್ಲ.

ವಿಲ್ಕ್ಸನ ತೀರ್ಮಾನ ಟಿಪ್ಪುವಿನದಕ್ಕೆ ವಿರುದ್ಧ. ಅಳಿಸಲು ಸಾಧ್ಯವಿದ್ದರೂ, ಒಳ್ಳೆಯ ಕಾಗದದ ಮೇಲಿನ ಒಳ್ಳೆಯ ಬರಹಕ್ಕಿಂತ ಕಡತವೇ ಹೆಚ್ಚು ಬಾಳುತ್ತದೆ ಎಂದು ಅವನ ನಂಬಿಕೆ. ವ್ಯಾಪಾರಿಯೊಬ್ಬನ ಕಡತದಲ್ಲಿ ಸಾಕ್ಷಿಗಳ ಸಮೇತ ಬರೆದಿದ್ದ ಸಾಲಪತ್ರವನ್ನು ಪುರಾವೆಯಾಗಿ ಹಾಜರುಪಡಿಸಿ, ಅದನ್ನು ಸ್ವೀಕರಿಸಿದ್ದನ್ನು ತಾನು ಕಂಡಿದ್ದೇನೆ ಎಂದೂ ಬರೆದಿದ್ದಾನೆ. ಅಲೆಕ್ಸಾಂಡರನ ನೌಕಾಪತಿ ನಿಯಾರ್ಕಸ್, ಭಾರತೀಯರು ಬಟ್ಟೆಯ ಮೇಲೆ ಬರೆಯುತ್ತಾರೆ ಎಂದದ್ದು ಕಡತವನ್ನು ನೋಡಿಯೇ ಇರಬೇಕು ಎಂಬ ಅವನ ಊಹೆ ಮಾತ್ರ ಸ್ವಲ್ಪ ದೂರ ಹೋಯಿತು. ಬಾಳಿಕೆಯ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳಲ್ಲ. ಶೃಂಗೇರಿ ಮಠದ ದಾಖಲೆಗಳಲ್ಲಿ ಕಡತಗಳು ಉಳಿದುಬಂದಿವೆ, ವಿದ್ವಾಂಸರು ಅವನ್ನು ಓದಿ ಪ್ರಕಟಿಸಿದ್ದಾರೆ.

ಕಡತ ಬಾಳಲು ಆರೈಕೆ ಬೇಕು. ಹುಣಸೆಬೀಜದ ಸರಿ ತೇವ ಕುಡಿಯುತ್ತದೆ, ತೇವವಾದರೆ ಮಡಿಕೆಗೆ ಮಡಿಕೆ ಅಂಟುತ್ತದೆ. ಎಣ್ಣೆಗೈಯಲ್ಲಿ ಮುಟ್ಟಿದ ಕಡೆ ಬಳಪ ಹತ್ತುವುದಿಲ್ಲ. ಕಪ್ಪು ಸವೆದ ಕಡೆ ಮತ್ತೆ ಸರಿ ಬಳಿಯಬೇಕು. ಒಟ್ಟಿನಲ್ಲಿ ಕೆಲಸವೆಲ್ಲ ಬರೆಯುವ ಹಾಸಿಗೆ, ಬಳಪಕ್ಕೆ ಏನೂ ಬೇಡ. ಅದು ಸವೆಯುತ್ತದೆ, ಅಷ್ಟೆ.

ಈಗಿನ ಸ್ಟೈಲಸ್‌ಗಳಲ್ಲಿ ಹೆಚ್ಚುಕಡಿಮೆ ಬಳಪದಂಥದ್ದೇ ಒಂದು ಜಾತಿಯಿದೆ. ಜಪಾನಿನಲ್ಲಿ 1983ರಲ್ಲಿ ಶುರುವಾದ ವಾಕಾಮ್ ಕಂಪನಿ ಬೆಳೆಸಿದ ತಂತ್ರದಲ್ಲಿ ಪೆನ್ನಿನೊಳಗೆ ಬ್ಯಾಟರಿಯೇ ಇಲ್ಲ. ಟ್ಯಾಬ್ಲೆಟ್ಟಿನ ಗಾಜಿನ ಕೆಳಗೆ ಹೆಣೆದ ತಂತಿಗಳ ಬಲೆ ಕಾಂತಕ್ಷೇತ್ರವನ್ನು ಹೊಮ್ಮಿಸುತ್ತದೆ, ಪೆನ್ನಿನ ಸುರುಳಿ ಅದರಿಂದಲೇ ಶಕ್ತಿ ಪಡೆದು ಮಾರುತ್ತರ ಕೊಡುತ್ತದೆ. ಉಣಿಸುವ ಕೆಲಸ ಇಲ್ಲಿಯೂ ಹಾಸಿನದೇ. 2011ರ ಗ್ಯಾಲಕ್ಸಿ ನೋಟ್ ಫೋನಿನ ಎಸ್ ಪೆನ್ ಈ ಜಾತಿಯದು. ಅದನ್ನು ಚಾರ್ಜು ಮಾಡಲು ಹುಡುಕಾಡುವವರಿಗೆ ಹೇಳಬೇಕಾದ್ದು ಇಷ್ಟೇ, ಚಾರ್ಜು ಬೇಕಿಲ್ಲ. 2018ರ ನೋಟ್ 9ರಲ್ಲಿ ದೂರದಿಂದ ಗುಂಡಿ ಒತ್ತುವ ಸೌಲಭ್ಯ ಸೇರಿಸಿದಾಗ ಮಾತ್ರ ಪೆನ್ನಿನೊಳಗೆ ಒಂದು ಪುಟ್ಟ ಕೆಪಾಸಿಟರ್ ಬಂತು. ಫೋನಿನೊಳಗೆ 40 ಸೆಕೆಂಡು ಇಟ್ಟರೆ ಅರ್ಧ ಗಂಟೆ ನಡೆಯುತ್ತದೆ. ಅದು ಬರಿದಾದರೂ ಬರವಣಿಗೆ ನಿಲ್ಲುವುದಿಲ್ಲ.

ಇನ್ನೊಂದು ಜಾತಿಗೆ ಹೊಟ್ಟೆಯಿದೆ. ಆ್ಯಪಲ್‌ನ ಮೊದಲ ಪೆನ್ಸಿಲ್ 2015ರದು. ಹಿಂಬದಿಯ ಮುಚ್ಚಳ ತೆಗೆದು ಐಪ್ಯಾಡಿನ ತೂತಿಗೆ ಚುಚ್ಚಿದರೆ ಚಾರ್ಜಾಗುತ್ತಿತ್ತು, 15 ಸೆಕೆಂಡಿಗೆ ಅರ್ಧ ಗಂಟೆಯ ಬರವಣಿಗೆ. ನೋಡುವವರಿಗೆ ಬಾಣ ನಾಟಿದ ಹಾಗೆ ಕಾಣುತ್ತಿತ್ತು, ಯಾರಾದರೂ ಮೊಣಕೈ ತಾಗಿಸಿದರೆ ಮುರಿಯುವ ಭಯ ಬೇರೆ. 2018ರ ಎರಡನೆಯದು ಟ್ಯಾಬ್ಲೆಟ್ಟಿನ ಬದಿಗೆ ಅಯಸ್ಕಾಂತದಿಂದ ಅಂಟಿಕೊಂಡು, ತಂತಿಯಿಲ್ಲದೆ ಸುರುಳಿಯಿಂದ ಸುರುಳಿಗೆ ಶಕ್ತಿ ಹರಿಸಿಕೊಳ್ಳುತ್ತದೆ. ನಡುವೆ ದಪ್ಪ ಕವರಾಗಲಿ ಧೂಳಿನ ಪದರವಾಗಲಿ ಬಂದರೆ ಸುರುಳಿಗಳ ಹೊಂದಾಣಿಕೆ ತಪ್ಪುತ್ತದೆ. ಅಂಟಿಕೊಂಡಿದೆ ಎಂದ ಮಾತ್ರಕ್ಕೆ ಚಾರ್ಜಾಗುತ್ತಿದೆ ಎಂದುಕೊಳ್ಳಬಾರದು, ಪರದೆಯ ಮೇಲೆ ಶೇಕಡಾವಾರು ಅಂಕೆ ಬಂತೇ ಎಂದು ನೋಡಬೇಕು.

ಈ ಜಾತಿಯ ಹೊಟ್ಟೆ ಬಹಳ ಸಣ್ಣದು, ಲಿಥಿಯಂನದು, ಹಸಿವು ತಡೆಯದು. ಪೂರ್ತಿ ಬರಿದಾದ ಪೆನ್ನನ್ನು ತಿಂಗಳುಗಟ್ಟಲೆ ಡ್ರಾಯರಿನಲ್ಲಿ ಹಾಗೇ ಬಿಟ್ಟರೆ ಒಳಗಿನ ಕೋಶ ತನ್ನಷ್ಟಕ್ಕೆ ಇನ್ನೂ ಕೆಳಗಿಳಿದು, ಮತ್ತೆ ಚಾರ್ಜು ಹಿಡಿಯದ ಸ್ಥಿತಿಗೆ ಬರಬಹುದು. ಬ್ಯಾಟರಿ ಬದಲಿಸಲು ಬರುವಂತೆ ಇವನ್ನು ಮಾಡಿಲ್ಲ, ಪೆನ್ನನ್ನೇ ಬದಲಿಸಬೇಕು. ಲಾಳಕಡ್ಡಿಯನ್ನು ಕೆತ್ತಿಕೊಳ್ಳುತ್ತಿದ್ದ ಗುಮಾಸ್ತ ಇದನ್ನು ಲೇಖನಿ ಎಂದು ಒಪ್ಪುತ್ತಿದ್ದನೋ ಇಲ್ಲವೋ. ಬಹಳ ದಿನ ಬಳಸದಿದ್ದರೆ ಅರ್ಧದಷ್ಟು ಚಾರ್ಜು ಮಾಡಿ ತಂಪಾದ ಕಡೆ ಇಡುವುದು ಲೇಸು. ಬಿಸಿಲಲ್ಲಿ ನಿಂತ ಟೆಂಪೋದ ಡ್ಯಾಶ್‌ಬೋರ್ಡ್ ಅಂಥ ಜಾಗವಲ್ಲ.

ಪೇಟೆಯಲ್ಲಿ ಲೇಖನಿಯ ಪ್ರಶ್ನೆ ಬಾಳಿಕೆಯಲ್ಲಿ ಮುಗಿಯುವುದಿಲ್ಲ. ಅದು ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. ಪುಣೆ ಜಿಲ್ಲೆಗೆ ಇದು ಚೆನ್ನಾಗಿ ಗೊತ್ತು. 1875ರ ಮೇ 12ರಂದು ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ಸಂತೆಗೆ ಸೇರಿದ ರೈತರು ಸಾಹುಕಾರರ ಅಂಗಡಿಗಳ ಮೇಲೆ ಬಿದ್ದರು. ಅವರಿಗೆ ಬೇಕಾಗಿದ್ದದ್ದು ಮುಖ್ಯವಾಗಿ ಸಾಲಪತ್ರಗಳು, ಲೆಕ್ಕದ ವಹಿಗಳು. ಪತ್ರ ಕೊಟ್ಟವರನ್ನು ಬಿಟ್ಟರು, ಸಿಕ್ಕಿದ ಪತ್ರಗಳನ್ನು ಸುಟ್ಟರು. ದಖನ್ ದಂಗೆ ಎಂದು ಹೆಸರಾದ ಇದು ಪುಣೆ, ಅಹಮದ್‌ನಗರ ಜಿಲ್ಲೆಗಳ ಹಲವು ಹಳ್ಳಿಗಳಿಗೆ ಹರಡಿತು.

ಇದರ ಹಿಂದೆ ಒಂದು ವಿಚಿತ್ರವಾದ ಗಡುವು ಇತ್ತು. 1859ರ ಕಾಲಮಿತಿ ಕಾಯ್ದೆಯ ಪ್ರಕಾರ ನೋಂದಣಿಯಾಗದ ಸಾಲಪತ್ರಕ್ಕೆ 3 ವರ್ಷದ ಆಯುಸ್ಸು. ಹಳೆಯ ಸಾಲದ ಹೊರೆ ರೈತನ ಮೇಲೆ ಬೆಳೆಯುತ್ತ ಹೋಗದಿರಲಿ ಎಂದು ಮಾಡಿದ ನಿಯಮವದು. ಆದದ್ದು ಬೇರೆ. ಮೂರು ವರ್ಷ ತುಂಬುವ ಮೊದಲು ಸಾಹುಕಾರ ಹೊಸ ಪತ್ರ ಬರೆಸುತ್ತಿದ್ದ, ಬಾಕಿ ಬಡ್ಡಿಯೆಲ್ಲ ಅಸಲಿಗೆ ಸೇರುತ್ತಿತ್ತು. ಓದು ಬಾರದ ರೈತ ಹೆಸರಿನ ಬದಲು ನೇಗಿಲಿನ ಗುರುತು ಹಾಕುತ್ತಿದ್ದ. ಮೈಸೂರಿನ ಕಡತದಲ್ಲಿ ಅಳಿಸುವ ಭಯ, ಇಲ್ಲಿ ಅಳಿಸಲಾಗದ್ದೇ ಭಯ. ಮಸಿಯಲ್ಲಿ ಬರೆದದ್ದಕ್ಕೆ ಬೆಂಕಿಯೊಂದೇ ಒರೆಸುವ ಬಟ್ಟೆ. ಪುಣೆಯಲ್ಲೇ ಕೂತು ಜೋತಿರಾವ್ ಫುಲೆಯವರು 1880ರ ದಶಕದ ಆರಂಭದಲ್ಲಿ ಬರೆದ ರೈತರ ಕುರಿತ ಪುಸ್ತಕದಲ್ಲಿ, ಲೇಖನಿ ಹಿಡಿದವರು ಹಿಡಿಯದವರನ್ನು ವಂಚಿಸುವ ಬಗೆಗಳದ್ದೇ ದೊಡ್ಡ ಪಾಲು. 1879ರ ಕಾಯ್ದೆ ಬಂದ ಮೇಲೆ ರೈತರ ಪತ್ರಗಳನ್ನು ಹಳ್ಳಿಯ ನೋಂದಣಿದಾರನ ಎದುರು ಬರೆಸಬೇಕಾಯಿತು, ಕೊಟ್ಟ ಹಣಕ್ಕೆ ಸಾಹುಕಾರ ರಸೀದಿ ಕೊಡಬೇಕಾಯಿತು. ಪತ್ರದಲ್ಲಿರುವ ಮೊತ್ತಕ್ಕೆ ಕಟ್ಟುಬೀಳದೆ ಸಾಲದ ಇತಿಹಾಸವನ್ನೇ ಕೆದಕಿ ನೋಡುವ ಅಧಿಕಾರ ನ್ಯಾಯಾಲಯಕ್ಕೆ ಸಿಕ್ಕಿತು.

ಮಾರ್ಕೆಟ್ ಯಾರ್ಡಿನ ಅಡತಿ ವ್ಯಾಪಾರಕ್ಕೂ ಬರಹದ ಈ ಜಗಳ ಬಂದೇ ಬಂತು. ರೈತನ ಕೈಗೆ ಬರುವ ಪಟ್ಟಿಯಲ್ಲಿ ಮಾಲಿನ ತೂಕ, ದರ, ಆಮೇಲೆ ಹಮಾಲಿ, ತೋಲಾಯಿ ಎಂಬ ಕಡಿತಗಳು. ಇದು ಕಪ್ಪು ಬಟ್ಟೆಯ ಕಡಿತವಲ್ಲ, ಕಳೆಯುವ ಕಡಿತ. ಹಮಾಲರ ಕಡೆಯ ಲೆಕ್ಕವೂ ವ್ಯಾಪಾರಿಯ ವಹಿಯಲ್ಲೇ ಇರುತ್ತಿತ್ತು. 1950ರ ದಶಕದಲ್ಲಿ ಬಾಬಾ ಆಢಾವ್ ಪುಣೆಯಲ್ಲಿ ಹಮಾಲ್ ಪಂಚಾಯತ್ ಕಟ್ಟಿದರು. 1969ರ ಮಹಾರಾಷ್ಟ್ರದ ಮಾಥಾಡಿ ಕಾಯ್ದೆ, ಹೊರೆ ಹೊರುವವರನ್ನೂ ಹೊರಿಸುವವರನ್ನೂ ಮಂಡಳಿಯಲ್ಲಿ ನೋಂದಾಯಿಸಿ, ಕೂಲಿಯನ್ನು ಮಂಡಳಿಯ ಮೂಲಕವೇ ಕೊಡುವ ವ್ಯವಸ್ಥೆಗೆ ದಾರಿ ಮಾಡಿತು. ಲೇಖನಿ ಗಾದಿಯಿಂದ ಮಂಡಳಿಯ ಮೇಜಿಗೆ ಬಂತು.

ಪರದೆಯ ಮೇಲೆ ಬರೆದದ್ದು ಕಡತಕ್ಕಿಂತ ಸುಲಭವಾಗಿ ಅಳಿಯುತ್ತದೆ, ಮಸಿಗಿಂತ ಗಟ್ಟಿಯಾಗಿಯೂ ಉಳಿಯುತ್ತದೆ. ಯಾವ ಹೊತ್ತಿಗೆ ಯಾರು ತಿದ್ದಿದರು ಎಂಬುದನ್ನು ತಂತ್ರಾಂಶ ದಾಖಲಿಸಬಲ್ಲದು, ದಾಖಲಿಸುವಂತೆ ಹೇಳಿದ್ದರೆ. ಸ್ಟೈಲಸ್‌ನಿಂದ ಪರದೆಯ ಮೇಲೆ ಗೀಚಿದ ರುಜುವಿನ ಬಲವೂ ಇದೇ ದಾಖಲೆಯ ಮೇಲೆ ನಿಂತಿದೆ. ಬರೀ ಗೀಚಿದ ಚಿತ್ರಕ್ಕೂ ಕಾನೂನು ಡಿಜಿಟಲ್ ಸಹಿ ಎಂದು ಕರೆಯುವುದಕ್ಕೂ ವ್ಯತ್ಯಾಸವಿದೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಡಿಜಿಟಲ್ ಸಹಿ ಒಂದು ಗೂಢಲಿಪಿಯ ಕೀಲಿ, ಕೈಬರಹವಲ್ಲ. ಆ ಲೆಕ್ಕದಲ್ಲಿ ಪೆನ್ನಿನಿಂದ ಮೂಡಿದ್ದು ನೇಗಿಲಿನ ಗುರುತಿಗೆ ಹತ್ತಿರ.

ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಪುಣೆಯ ವ್ಯಾಪಾರಿಗಳು ಹೊಸ ವಹಿಗೆ ಪೂಜೆ ಮಾಡುತ್ತಾರೆ, ಕನ್ನಡ ಸೀಮೆಯಲ್ಲಿ ಆಯುಧಪೂಜೆಗೆ ಲೇಖನಿಯೂ ಮಣೆಯೇರುತ್ತದೆ. ಸ್ಟೈಲಸ್ಸನ್ನು ಇಡುವುದಾದರೆ ಅರಿಸಿನ ಕುಂಕುಮವನ್ನು ಮೊನೆಯಿಂದ ದೂರ, ಹಿಂಬದಿಯ ಕಡೆ ಹಚ್ಚುವುದು ಒಳ್ಳೆಯದು. ಪುಡಿ ಸಂದಿಗೆ ಹೋದರೆ ಒತ್ತಡ ಅಳೆಯುವ ಭಾಗ ಅಂಟಿಕೊಂಡು, ಮುಟ್ಟದೆಯೇ ಗೆರೆ ಬರತೊಡಗುತ್ತದೆ. ಆಗ ನೀರು ಹಾಕಬಾರದು. ನಿಬ್ಬನ್ನು ಬಿಚ್ಚಿ, ಒಣಬಟ್ಟೆಯಲ್ಲಿ ಒರೆಸಿ, ಒಂದು ಕಡೆ ಸವೆದು ಚಪ್ಪಟೆಯಾಗಿದ್ದರೆ ಹೊಸದನ್ನು ಹಾಕಿಕೊಳ್ಳಬೇಕು.