ಹೊಸೂರು ಸೀಮೆಯ ಬೀಜದ ಹೋರಿ

ಈಗ ತಮಿಳುನಾಡಿನಲ್ಲಿರುವ ಹೊಸೂರು ಸೀಮೆಯಲ್ಲಿ ನೇಗಿಲು, ಗಾಡಿ, ಕಪಿಲೆ ಮೂರನ್ನೂ ಎಳೆದದ್ದು ಎತ್ತು. ಯೂರೋಪಿನ ಬೇಸಾಯದಲ್ಲಿ ಭಾರ ಎಳೆಯುವ ಗಂಡುಕುದುರೆಗಿದ್ದ ಬೆಲೆ ಇಲ್ಲಿ ಬೀಜದ ಹೋರಿಗಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸೂರು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಮುಂದೆ ಸೇಲಂ ಜಿಲ್ಲೆಯ ತಾಲ್ಲೂಕಾಯಿತು. 1824ರಲ್ಲಿ ಮತ್ತಿಗಿರಿಯ ಬಳಿ ಸೈನ್ಯದ ಕುದುರೆಗಳಿಗಾಗಿ ಸರ್ಕಾರಿ ಕೇಂದ್ರ ಆರಂಭವಾಯಿತು. ಅಲ್ಲಿನ ಕುದುರೆ ರೈತನ ಹೊಲಕ್ಕೆ ಬಂದದ್ದಲ್ಲ, ದಂಡಿಗೆ ಹೋದದ್ದು. ರೈತನಿಗೆ ನಿಜವಾಗಿ ಉಪಕಾರವಾದದ್ದು ಅದೇ ನೆಲ ದನಗಳ ತಳಿ ಕೇಂದ್ರವಾದ ಮೇಲೆ. ಅದರ ಮೇಲ್ವಿಚಾರಕರಾಗಿದ್ದ ಲಿಟಲ್‌ವುಡ್ 1936ರಲ್ಲಿ ದಕ್ಷಿಣ ಭಾರತದ ಜಾನುವಾರುಗಳ ಬಗ್ಗೆ ಪುಸ್ತಕವನ್ನೇ ಬರೆದರು.

ಸರ್ಕಾರಕ್ಕಿಂತ ಮೊದಲೇ ಊರಿಗೆ ತನ್ನದೇ ಏರ್ಪಾಡಿತ್ತು. ಹರಕೆ ಹೊತ್ತವರು ಒಳ್ಳೆಯ ಹೋರಿಗರುವಿಗೆ ಮುದ್ರೆ ಹಾಕಿಸಿ ದೇವರ ಬಸವನೆಂದು ಬಿಡುತ್ತಿದ್ದರು. ಅದು ಯಾರ ಹೊಲದಲ್ಲಿ ಮೇದರೂ ಹೊಡೆಯುವಂತಿರಲಿಲ್ಲ. ಬಡವನ ಬೆದೆಗೆ ಬಂದ ಹಸುವಿಗೂ ಕಾಸಿಲ್ಲದೆ ಹೋರಿ ಸಿಗುತ್ತಿತ್ತು. ಇದಕ್ಕಿಂತ ಉದಾರವಾದ ತಳಿ ವ್ಯವಸ್ಥೆ ಸಿಗುವುದು ಕಷ್ಟ.

ಈ ಸೀಮೆಯ ಹೆಮ್ಮೆ ಹಳ್ಳಿಕಾರ್, ಕಾವೇರಿ ದಡದ ಆಲಂಬಾಡಿ ತಳಿಗಳು. ಹಳ್ಳಿಕಾರ್ ಹೋರಿಯ ಮುಖ ನೀಳ, ಹಣೆಯ ನಡುವೆ ತೆಳು ಗೀರು, ಕೊಂಬು ಹಿಂದಕ್ಕೆ ಬಾಗಿ ತುದಿಯಲ್ಲಿ ಮುಂದಕ್ಕೆ ತಿರುಗಿರುತ್ತದೆ. ಕೊಳ್ಳುವವರು ಮೊದಲು ತುಟಿ ಎತ್ತಿ ಹಲ್ಲು ಎಣಿಸುತ್ತಾರೆ, ಆಮೇಲೆ ಮೈಮೇಲಿನ ಸುಳಿ ಹುಡುಕುತ್ತಾರೆ, ಕಡೆಗೆ ನಡೆಸಿ ಹೆಜ್ಜೆ ನೋಡುತ್ತಾರೆ. ಬೀಜಕ್ಕೆ ಉಳಿಯುವುದು ಕೆಲವೇ. ಮಿಕ್ಕವು ಬೀಜ ಒಡೆಸಿಕೊಂಡು ನೊಗಕ್ಕೆ ಹೋಗುತ್ತವೆ.